ಪ್ರೌಢಶಾಲೆಯಲ್ಲಿ ಧರ್ಮ ಮತ್ತು ನೀತಿಯ ಕಲಿಕೆ: ಮಲೆನಾಡಿನ ಪೋಷಕರ ಮುಂದಿರುವ ಆಯ್ಕೆಗಳು

ಮಕ್ಕಳನ್ನು ಎಂಟನೇ ತರಗತಿಗೆ ಸೇರಿಸುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪೋಷಕರು ಮಾಧ್ಯಮ, ಶುಲ್ಕ, ಫಲಿತಾಂಶ, ಬಸ್ಸಿನ ಅನುಕೂಲ ಇವನ್ನೆಲ್ಲ ವಿಚಾರಿಸಿದ ಮೇಲೆ ಕೊನೆಗೆ ಕೇಳುವ ಪ್ರಶ್ನೆಯೊಂದಿದೆ: ಮಕ್ಕಳಿಗೆ ಒಳ್ಳೆಯ ಸಂಸ್ಕಾರ ಕೊಡುವ ಶಾಲೆ ಯಾವುದು? ಈ ಒಂದು ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಅಪೇಕ್ಷೆಗಳು ಸೇರಿಕೊಂಡಿರುತ್ತವೆ. ಮಗು ತನ್ನ ಮನೆತನದ ಪೂಜೆ, ಪ್ರಾರ್ಥನೆ, ಆಚಾರಗಳನ್ನು ತಿಳಿದಿರಬೇಕು ಎಂಬುದು ಮೊದಲನೆಯದು. ನೆರೆಮನೆಯವರ ಧರ್ಮದ ಬಗ್ಗೆಯೂ ಅದಕ್ಕೆ ಸರಿಯಾದ ತಿಳಿವಳಿಕೆ ಇರಬೇಕು ಎಂಬುದು ಎರಡನೆಯದು. ಯಾರೂ ನೋಡದಿರುವಾಗಲೂ ಸರಿ ತಪ್ಪುಗಳನ್ನು ತಾನೇ ಯೋಚಿಸಿ ನಿರ್ಧರಿಸುವ ಶಕ್ತಿ ಬೆಳೆಯಬೇಕು ಎಂಬುದು ಮೂರನೆಯದು. ಈ ಮೂರನ್ನೂ ಒಂದೇ ತರಗತಿ, ಒಂದೇ ಪುಸ್ತಕ ಅಥವಾ ಒಬ್ಬರೇ ಶಿಕ್ಷಕರು ಪೂರೈಸುವುದು ಕಷ್ಟ. ತಮಗೆ ಬೇಕಾಗಿರುವುದು ಇವುಗಳಲ್ಲಿ ಯಾವುದು ಎಂದು ಪೋಷಕರು ಮೊದಲು ಮನಸ್ಸಿನಲ್ಲಿ ಬಿಡಿಸಿಕೊಂಡರೆ, ಮುಂದೆ ಹೇಳುವ ಆಯ್ಕೆಗಳನ್ನು ಹೋಲಿಸಿ ನೋಡುವುದು ಸುಲಭವಾಗುತ್ತದೆ.

ಆಯ್ಕೆಗಳಿಗೆ ಹೋಗುವ ಮುನ್ನ ಕಾನೂನಿನ ನೆಲೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಈ ವಿಷಯದಲ್ಲಿ ಶಾಲೆಗಳಿಗೂ ಪೋಷಕರಿಗೂ ಇರುವ ಗೊಂದಲ ಕಡಿಮೆಯದಲ್ಲ. ಸಂವಿಧಾನದ 28ನೇ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ನಡೆಯುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಇತರ ಸಂಸ್ಥೆಗಳಲ್ಲಿ ಅಂಥ ಬೋಧನೆ ನಡೆಯಬಹುದಾದರೂ, ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ, ಆತ ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆ ಇಲ್ಲದೆ, ಅದರಲ್ಲಿ ಭಾಗವಹಿಸುವಂತೆ ಒತ್ತಾಯಿಸುವಂತಿಲ್ಲ. ಪ್ರಾರ್ಥನಾ ವಿಧಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಒಂದು ಧರ್ಮವನ್ನು ಆಚರಿಸುವಂತೆ ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಅಧ್ಯಯನ ಮಾಡುವುದು ಬೇರೆ. 1964ರಿಂದ 1966ರವರೆಗೆ ಕೆಲಸ ಮಾಡಿದ, ದೇಶದ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಿದ ಕೊಠಾರಿ ಆಯೋಗವು ಈ ವ್ಯತ್ಯಾಸವನ್ನು ಗುರುತಿಸಿ, ಬಹುಧರ್ಮೀಯ ದೇಶದ ವಿದ್ಯಾರ್ಥಿಗಳಿಗೆ ಎಲ್ಲ ಪ್ರಮುಖ ಧರ್ಮಗಳ ಪರಿಚಯ ಆಗಬೇಕೆಂದು ಹೇಳಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಕುರಿತ ಅಧ್ಯಯನಕ್ಕೆ 28ನೇ ವಿಧಿ ಅಡ್ಡಿಯಾಗುವುದಿಲ್ಲ ಎಂಬ ನಿಲುವನ್ನು ತಾಳಿತು. ಹೀಗಾಗಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರೊಬ್ಬರು ಬೌದ್ಧ, ಜೈನ, ಇಸ್ಲಾಂ, ಕ್ರೈಸ್ತ, ವೀರಶೈವ ಲಿಂಗಾಯತ ಪರಂಪರೆಗಳನ್ನು ಪಾಠವಾಗಿ ವಿವರಿಸಿದರೆ ಅದರಲ್ಲಿ ಆಕ್ಷೇಪಾರ್ಹವಾದುದು ಏನೂ ಇಲ್ಲ.

ಶಾಲೆಯ ನೀತಿ ಪಾಠ

ಬಹುಪಾಲು ಪೋಷಕರಿಗೆ ಎದುರಾಗುವ ಮೊದಲ ಆಯ್ಕೆ ಎಂದರೆ ವೇಳಾಪಟ್ಟಿಯಲ್ಲಿ ನೀತಿ ಪಾಠ, ಮೌಲ್ಯ ಶಿಕ್ಷಣ ಅಥವಾ ಮಾರಲ್ ಸೈನ್ಸ್ ಎಂಬ ಹೆಸರಿನಲ್ಲಿರುವ ವಾರದ ಒಂದೆರಡು ಅವಧಿಗಳು. ರಾಜ್ಯ ಪಠ್ಯಕ್ರಮದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮೂರು ಭಾಷೆಗಳು, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಸೇರಿ ಒಟ್ಟು 625 ಅಂಕಗಳಿರುತ್ತವೆ. ಆ ಅಂಕಗಳಲ್ಲಿ ನೀತಿ ಪಾಠಕ್ಕೆ ಸ್ಥಾನವಿಲ್ಲ. ಅಂಕಗಳಿಲ್ಲದ ವಿಷಯಕ್ಕೆ ಹತ್ತನೇ ತರಗತಿಯಲ್ಲಿ ಏನಾಗುತ್ತದೆ ಎಂಬುದನ್ನು ಪೋಷಕರು ಬಲ್ಲರು: ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಆ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಆದ್ದರಿಂದ ಕರಪತ್ರದಲ್ಲಿ ಮುದ್ರಿಸಿದ ಮೌಲ್ಯ ಶಿಕ್ಷಣದ ಮಾತನ್ನು ನೆಚ್ಚಿಕೊಳ್ಳುವುದಕ್ಕಿಂತ, ಕಳೆದ ವರ್ಷ ಹತ್ತನೇ ತರಗತಿಯಲ್ಲಿ ಓದಿದ ಮಗುವೊಂದರ ನೋಟ್‌ಬುಕ್ಕನ್ನು ಕೇಳಿ ತರಿಸಿಕೊಂಡು ನೋಡುವುದು ಹೆಚ್ಚು ಉಪಯುಕ್ತ.

ಆ ನೋಟ್‌ಬುಕ್ಕಿನಲ್ಲಿ ಏನಿದೆ ಎಂಬುದೂ ಮುಖ್ಯ. ಕಥೆ, ಕಥೆಯ ಕೊನೆಯಲ್ಲಿ ಒಂದು ನೀತಿ, ಬಿಟ್ಟ ಸ್ಥಳ ತುಂಬಿರಿ ಎಂಬ ಮೂರು ಪ್ರಶ್ನೆ ಇಷ್ಟೇ ಇದ್ದರೆ ಅದು ಐದನೇ ತರಗತಿಯ ಮಗುವಿಗೆ ಸಾಕಾಗಬಹುದು, ಹದಿನೈದು ವರ್ಷದ ಹುಡುಗಿಗೆ ಸಾಲದು. ಸುಳ್ಳು ಹೇಳಬಾರದು ಎಂಬುದು ಆ ವಯಸ್ಸಿಗೆ ಗೊತ್ತಿರುವ ಮಾತು. ಗೆಳತಿಯ ಗುಟ್ಟನ್ನು ಕಾಪಾಡುವುದಕ್ಕೂ ಅವಳ ಮನೆಯವರಿಗೆ ಅಪಾಯದ ಸೂಚನೆ ಕೊಡುವುದಕ್ಕೂ ನಡುವೆ ಸಿಕ್ಕಿಕೊಂಡಾಗ ಏನು ಮಾಡಬೇಕು ಎಂಬುದು ಗೊತ್ತಿರುವುದಿಲ್ಲ, ಮತ್ತು ಅವಳಿಗೆ ಬೇಕಾಗಿರುವುದು ಆ ಚರ್ಚೆಯೇ.

ನೀತಿಯ ಅವಧಿ ಹೇಗಿರಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಹೇರಳವಾದ ಸಾಮಗ್ರಿ ಇದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹವನ್ನೇ ತೆಗೆದುಕೊಳ್ಳಬಹುದು. ಅಲ್ಲಿನ ವಿವಾದದ ಮೂಲದಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಪ್ರಶ್ನೆ ಇತ್ತು. ಶಿಕ್ಷಕರು ತರಗತಿಗೆ ಗಾತ್ರದಲ್ಲಿ ಸ್ವಲ್ಪವೇ ವ್ಯತ್ಯಾಸವಿರುವ ಎರಡು ಅಳತೆಯ ಪಾತ್ರೆಗಳನ್ನು ತಂದು, ಒಂದು ಚೀಲ ಭತ್ತವನ್ನು ಮಕ್ಕಳ ಕೈಯಿಂದಲೇ ಎರಡರಲ್ಲೂ ಅಳೆಯಿಸಿ, ವರ್ಷದ ಕೊನೆಗೆ ಒಂದು ಕುಟುಂಬದ ಕಣಜದಲ್ಲಿ ಉಳಿಯುವ ಅಂತರವನ್ನು ಲೆಕ್ಕ ಹಾಕಿಸಿದರೆ, ನ್ಯಾಯ ಎಂಬ ಮಾತು ಕಣ್ಣಿಗೆ ಕಾಣುವಂತಾಗುತ್ತದೆ. ಬಳಿಕ ಪ್ರಶ್ನೆಗಳನ್ನು ಮುಂದಿಡಬಹುದು. ಎಲ್ಲರೂ ಒಪ್ಪಿಕೊಂಡು ಬಂದ ರೂಢಿಯಾದ ಮಾತ್ರಕ್ಕೆ ಒಂದು ಅಳತೆ ನ್ಯಾಯವಾಗುತ್ತದೆಯೇ? ಜಮೀನಿನ ಒಡೆಯರ ಮನೆಯ ಒಬ್ಬ ಮಗನಿಗೆ ಇದು ತಪ್ಪೆನಿಸಿದ್ದರೆ ಅವನ ಕರ್ತವ್ಯ ಏನಾಗಿತ್ತು? ಅನ್ಯಾಯದ ನಿಯಮವನ್ನು ಮುರಿಯಲು ಹೊರಟವನು ಯಾವ ಮಿತಿಯನ್ನು ದಾಟಬಾರದು? ಗೇಣಿದಾರರ ಮೊಮ್ಮಕ್ಕಳೂ ಒಡೆಯರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿರುವ ತರಗತಿಗಳು ಸಾಗರ, ಸೊರಬದ ಕಡೆ ಇಂದಿಗೂ ಇವೆಯಾದ್ದರಿಂದ ಶಿಕ್ಷಕರು ಇದನ್ನು ಬಹಳ ಎಚ್ಚರದಿಂದ, ಯಾವ ಮನೆತನದತ್ತಲೂ ಬೆರಳು ತೋರಿಸದೆ ನಡೆಸಬೇಕಾಗುತ್ತದೆ. ಅಷ್ಟು ಎಚ್ಚರ ಬೇಕು ಎಂಬ ಕಾರಣಕ್ಕೆ ಇದನ್ನು ಬಿಟ್ಟು ಮೊಲ ಆಮೆಗಳ ಕಥೆಗೆ ಮರಳುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಲಿಂಗನಮಕ್ಕಿಯ ಪ್ರಶ್ನೆಯೂ ಇಂಥದ್ದೇ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನಿಂದ ನಾಡಿಗೆ ಬೆಳಕು ಸಿಕ್ಕಿತು, ಶರಾವತಿ ಕಣಿವೆಯ ಕುಟುಂಬಗಳು ಮನೆ, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಬಂದವು. ಹಲವರ ಒಳಿತಿಗಾಗಿ ಕೆಲವರು ಎಷ್ಟು ಕಳೆದುಕೊಳ್ಳಬೇಕು, ಕಳೆದುಕೊಂಡವರ ಋಣವನ್ನು ಯಾರು, ಎಷ್ಟು ಕಾಲದೊಳಗೆ ತೀರಿಸಬೇಕು ಎಂಬ ಪ್ರಶ್ನೆಯನ್ನು ಜಗತ್ತಿನ ನೀತಿಶಾಸ್ತ್ರ ಇಂದಿಗೂ ಚರ್ಚಿಸುತ್ತಿದೆ. ನಮ್ಮ ಮಕ್ಕಳು ಅದನ್ನು ಅಜ್ಜಿಯ ಬಾಯಿಂದ ಕೇಳಿಕೊಂಡೇ ಶಾಲೆಗೆ ಬರುತ್ತಾರೆ.

ಆಯಾ ಧರ್ಮದವರ ತರಗತಿಗಳು

ಎರಡನೆಯ ಆಯ್ಕೆ ಶಾಲೆಯ ಹೊರಗಿನದು ಅಥವಾ ಶಾಲೆಯ ಒಳಗಿದ್ದೂ ಪ್ರತ್ಯೇಕವಾದದ್ದು. ಬೆಳಗಿನ ಮದರಸಾ, ಕ್ರೈಸ್ತ ಮಕ್ಕಳಿಗೆ ನಡೆಯುವ ಧರ್ಮೋಪದೇಶದ ತರಗತಿ, ಬಸದಿಯ ಪಾಠಶಾಲೆ, ಮಠಗಳ ಬೇಸಿಗೆ ಶಿಬಿರ, ಭಗವದ್ಗೀತೆ ಕಂಠಪಾಠ, ವಚನ ಗಾಯನದ ತರಬೇತಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮೊದಲು ಹೇಳಿದ ಮೂರು ಅಪೇಕ್ಷೆಗಳಲ್ಲಿ ಮೊದಲನೆಯದನ್ನು ಇವುಗಳಷ್ಟು ಚೆನ್ನಾಗಿ ಪೂರೈಸುವ ವ್ಯವಸ್ಥೆ ಬೇರೆ ಇಲ್ಲ. ಕಂಠಸ್ಥ ಮಾಡಿಕೊಂಡ ಶ್ಲೋಕವೋ ಆಯತ್ತೋ ವಚನವೋ ಮುಂದೆ ಕಷ್ಟಕಾಲದಲ್ಲಿ ನೆನಪಿಗೆ ಬಂದು ಧೈರ್ಯ ಕೊಡುತ್ತದೆ ಎಂಬ ಹಿರಿಯರ ಅನುಭವವನ್ನು ಹಗುರವಾಗಿ ಕಾಣಬಾರದು.

ಆದರೆ ಈ ತರಗತಿಗಳಿಂದ ಎರಡನೆಯ ಮತ್ತು ಮೂರನೆಯ ಅಪೇಕ್ಷೆಗಳೂ ಈಡೇರುತ್ತವೆ ಎಂದು ಭಾವಿಸುವುದು ಸರಿಯಾಗದು. ತನ್ನ ಧರ್ಮವನ್ನು ಪ್ರೀತಿಯಿಂದ ಕಲಿಸುವ ಗುರುಗಳಿಗೆ ಬೇರೆ ಧರ್ಮವನ್ನು ಅಷ್ಟೇ ನಿಖರವಾಗಿ ವಿವರಿಸುವ ಹೊಣೆ ಇರುವುದಿಲ್ಲ, ಅದನ್ನು ಅವರಿಂದ ನಿರೀಕ್ಷಿಸುವುದೂ ತರವಲ್ಲ. ಇನ್ನೊಂದು ಮಾತು: ಖಾಸಗಿ ಶಾಲೆಯೊಂದು ತನ್ನ ಆಡಳಿತ ಮಂಡಳಿಯ ಧರ್ಮದ ತರಗತಿಯನ್ನು ನಡೆಸುತ್ತಿದ್ದರೆ, ಅದರಲ್ಲಿ ಕೂರದ ಮಕ್ಕಳು ಆ ಅವಧಿಯಲ್ಲಿ ಏನು ಮಾಡುತ್ತಾರೆ ಎಂದು ಪೋಷಕರು ಖಚಿತವಾಗಿ ಕೇಳಬೇಕು. ಗ್ರಂಥಾಲಯದಲ್ಲಿ ಶಿಕ್ಷಕರೊಬ್ಬರ ಜೊತೆ ಅರ್ಥಪೂರ್ಣವಾಗಿ ಕಾಲ ಕಳೆಯುವುದಕ್ಕೂ ವರಾಂಡದಲ್ಲಿ ಸುಮ್ಮನೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ಒಪ್ಪಿಗೆ ಕೊಡುವುದಾದರೂ ಕೊಡದಿರುವುದಾದರೂ ಬರವಣಿಗೆಯಲ್ಲಿ ತಿಳಿಸುವುದು ಎರಡೂ ಕಡೆಯವರಿಗೆ ಒಳ್ಳೆಯದು.

ಪಠ್ಯಪುಸ್ತಕದಲ್ಲೇ ಇರುವ ಧರ್ಮಾಧ್ಯಯನ

ಧರ್ಮಗಳ ಅಧ್ಯಯನ ಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಮಗುವಿನ ಚೀಲದಲ್ಲಿ ಈಗಾಗಲೇ ಇರುವ ಎರಡು ಪುಸ್ತಕಗಳನ್ನು: ಪ್ರಥಮ ಭಾಷೆ ಕನ್ನಡ ಮತ್ತು ಸಮಾಜ ವಿಜ್ಞಾನ. ಜೈನ, ಬೌದ್ಧ, ಕ್ರೈಸ್ತ, ಇಸ್ಲಾಂ ಧರ್ಮಗಳ ಉಗಮ, ಶಂಕರ, ರಾಮಾನುಜ, ಮಧ್ವ, ಬಸವಣ್ಣನವರ ವಿಚಾರಗಳು, ಭಕ್ತಿ ಪಂಥ, ಹತ್ತೊಂಬತ್ತನೇ ಶತಮಾನದ ಸುಧಾರಣಾ ಚಳವಳಿಗಳು ಇವೆಲ್ಲ ಪ್ರೌಢಶಾಲೆಯ ಇತಿಹಾಸದಲ್ಲಿ ಬರುತ್ತವೆ. ಕನ್ನಡದಲ್ಲಿ ಜೈನ ಕವಿಗಳ ಚಂಪೂವಿನಿಂದ ವಚನ, ಕೀರ್ತನೆ, ತತ್ವಪದಗಳವರೆಗೆ ಸಾವಿರ ವರ್ಷದ ಧಾರ್ಮಿಕ ಚಿಂತನೆಯ ಮಾದರಿಗಳಿವೆ. ಪರಸ್ಪರ ವಾದ ಮಾಡಿಕೊಂಡ ಪರಂಪರೆಗಳನ್ನು ಒಂದೇ ಪುಸ್ತಕದಲ್ಲಿ, ಒಂದೇ ಗೌರವದಿಂದ ಓದುವ ಅವಕಾಶ ಕನ್ನಡದ ವಿದ್ಯಾರ್ಥಿಗೆ ಸಿಕ್ಕಿದೆ. ಇದು ಸಂದರ್ಭ ಸಹಿತ ವಿವರಿಸಿ, ಸಾರಾಂಶ ಬರೆಯಿರಿ ಎಂಬಲ್ಲಿಗೆ ಮುಗಿದುಹೋಗುವುದು ದುಃಖದ ಸಂಗತಿ.

ಶಿವಮೊಗ್ಗ ಜಿಲ್ಲೆಯ ಮಕ್ಕಳಿಗಂತೂ ಈ ಪಾಠಗಳ ಅರ್ಧಕ್ಕರ್ಧ ಊರಿನ ಸುತ್ತಮುತ್ತಲೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು, ಅದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸುವ ರೀತಿಯನ್ನು ಪ್ರತಿ ಶಿಕ್ಷಕರೂ ತರಗತಿಯಲ್ಲಿ ಓದಿ ಹೇಳಬೇಕು. ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮತ್ತು ಬೌದ್ಧ ದರ್ಶನಗಳ ವ್ಯಾಖ್ಯಾನ ನಡೆಯುವ ಸ್ಥಳ ಎಂದು ಆ ಶೈವ ಮಠವನ್ನು ಶಾಸನ ಹೊಗಳುತ್ತದೆ. ಅದರೊಂದಿಗೇ ಅನಾಥರಿಗೂ ಅಂಗವಿಕಲರಿಗೂ ಬೇರೆ ಬೇರೆ ಪಂಥಗಳ ಸನ್ಯಾಸಿಗಳಿಗೂ ಅನ್ನ ದೊರೆಯುವ, ರೋಗಿಗಳಿಗೆ ಔಷಧ ದೊರೆಯುವ ಸ್ಥಳ ಎಂದೂ ಹೇಳುತ್ತದೆ. ತನ್ನ ಮತವನ್ನು ಬಿಡದೆ ಇತರರ ದರ್ಶನವನ್ನು ಓದುವುದು, ಓದಿನ ಮಗ್ಗುಲಲ್ಲೇ ಹಸಿದವರಿಗೆ ಬಡಿಸುವುದು, ಈ ಎರಡೂ ಇಲ್ಲಿ ಎಂಟುನೂರು ವರ್ಷಕ್ಕೂ ಹಿಂದೆಯೇ ಒಟ್ಟಿಗೆ ಇದ್ದವು. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಜೈನರ ಪುರಾತನ ಕ್ಷೇತ್ರವಿದೆ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ ಚೌಡೇಶ್ವರಿಯ ಸನ್ನಿಧಿಯೂ ಸೂಫಿ ಸಂತರ ದರ್ಗಾವೂ ಒಂದೇ ಸೂರಿನಡಿ ಇದ್ದು, ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಅಲ್ಲಿಗೆ ಬರುತ್ತಾರೆ. ಶಾಲೆಯ ಶೈಕ್ಷಣಿಕ ಪ್ರವಾಸವನ್ನು ಜೋಗ, ಆಗುಂಬೆಗಳಿಗೆ ಮುಗಿಸುವ ಬದಲು ಈ ಊರುಗಳಲ್ಲೊಂದನ್ನು ಸೇರಿಸಿ, ಹೋಗುವ ಮುನ್ನ ಮಕ್ಕಳು ಅಲ್ಲಿನವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ತಾವೇ ಬರೆದುಕೊಂಡರೆ, ಹೆಚ್ಚಿನ ಖರ್ಚಿಲ್ಲದೆ ಧರ್ಮಾಧ್ಯಯನದ ಬಹುಮುಖ್ಯ ಭಾಗವೊಂದು ನಡೆದುಹೋಗುತ್ತದೆ. ಆಚರಿಸುವವರನ್ನೇ ಕೇಳಿ ತಿಳಿಯುವುದು ಈ ವಿಷಯದ ಮೊದಲ ಶಿಸ್ತು.

ಈ ಆಯ್ಕೆಯ ದೌರ್ಬಲ್ಯವೂ ಸ್ಪಷ್ಟವಾಗಿದೆ: ಎಲ್ಲವೂ ಶಿಕ್ಷಕರನ್ನು ಅವಲಂಬಿಸಿರುತ್ತದೆ. ಕನ್ನಡ ಮತ್ತು ಸಮಾಜ ವಿಜ್ಞಾನದ ಶಿಕ್ಷಕರನ್ನು ಒಮ್ಮೆ ಭೇಟಿಯಾಗಿ, ಈ ಪಾಠಗಳನ್ನು ಹೇಗೆ ಮಾಡುತ್ತೀರಿ ಮೇಷ್ಟ್ರೇ ಎಂದು ಕೇಳಿದರೆ, ಅವರ ಉತ್ತರದಲ್ಲಿರುವ ಉತ್ಸಾಹ ಅಥವಾ ಅದರ ಕೊರತೆ ಹತ್ತು ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಸಂಸ್ಕೃತ ಮತ್ತು ಪಾಠಶಾಲೆ

ಸಂಸ್ಕಾರ ಬೇಕೆಂಬ ಕಾರಣಕ್ಕೆ ಪ್ರಥಮ ಭಾಷೆಯಾಗಿ ಸಂಸ್ಕೃತವನ್ನು ಆರಿಸಿಕೊಳ್ಳುವ ಕುಟುಂಬಗಳು ಮಲೆನಾಡಿನಲ್ಲಿ ಬಹಳ ಇವೆ. ಅಂಕಗಳು ಸುಲಭವಾಗಿ ಬರುತ್ತವೆ ಎಂಬ ನಂಬಿಕೆಯೂ ಅದರ ಹಿಂದಿರುತ್ತದೆ. ತುಂಗೆಯ ದಡದ ಮತ್ತೂರಿನಂಥ ಊರಿನಲ್ಲಿ ಸಂಸ್ಕೃತ ಆಡುವ ಭಾಷೆಯಾಗಿ ಬೆಳೆದಿರುವುದನ್ನು ನೋಡಿದವರಿಗೆ ಅದರ ಸೊಗಸು ಗೊತ್ತು. ಆದರೆ ಪರೀಕ್ಷೆಯ ಸಂಸ್ಕೃತ ಒಂದು ಭಾಷಾ ವಿಷಯ. ಸುಭಾಷಿತಗಳು, ಕಾವ್ಯಭಾಗಗಳು, ವ್ಯಾಕರಣ ಅದರಲ್ಲಿರುತ್ತವೆ. ಧರ್ಮಗಳ ಹೋಲಿಕೆಯಾಗಲಿ ನೀತಿಯ ಚರ್ಚೆಯಾಗಲಿ ಅದರ ಉದ್ದೇಶವಲ್ಲ. ಭಾಷೆಯ ಮೇಲಿನ ಒಲವಿನಿಂದ ತೆಗೆದುಕೊಂಡರೆ ಮಗುವಿಗೆ ಖಂಡಿತ ಲಾಭವಿದೆ. ಧರ್ಮಾಧ್ಯಯನಕ್ಕೆ ಬದಲಿಯಾಗಿ ತೆಗೆದುಕೊಂಡರೆ ಪ್ರಥಮ ಭಾಷೆಯಾಗಿ ಓದಬಹುದಾಗಿದ್ದ ಕನ್ನಡದ ವಚನ, ಕಾವ್ಯಗಳಿಂದ ಮಗು ಸ್ವಲ್ಪ ದೂರವಾಗುತ್ತದೆ ಎಂಬುದನ್ನೂ ತೂಗಿ ನೋಡಬೇಕು.

ಶಾಸ್ತ್ರಾಧ್ಯಯನಕ್ಕೇ ಮುಡಿಪಾದ ದಾರಿ ಪಾಠಶಾಲೆಯದು. ಶೃಂಗೇರಿಯ ಸದ್ವಿದ್ಯಾ ಸಂಜೀವಿನೀ ಸಂಸ್ಕೃತ ಪಾಠಶಾಲೆ 1896ರಲ್ಲಿ ಆರಂಭವಾದದ್ದು. ಶೃಂಗೇರಿಯ ಬಳಿಯ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವೂ ಇದೆ. ಈ ದಾರಿಯಲ್ಲಿ ಆಳ ಸಿಗುತ್ತದೆ, ಪೂರ್ವಪಕ್ಷವನ್ನು, ಅಂದರೆ ಎದುರು ಪಕ್ಷದ ವಾದವನ್ನು, ನ್ಯಾಯವಾಗಿ ಮಂಡಿಸಿ ಆಮೇಲೆ ತನ್ನ ಸಿದ್ಧಾಂತವನ್ನು ಹೇಳುವ ತರ್ಕದ ಶಿಸ್ತೂ ಸಿಗುತ್ತದೆ. ಆದರೆ ಹದಿಮೂರು ಹದಿನಾಲ್ಕರ ಹುಡುಗನನ್ನು ಮನೆಯಿಂದ ದೂರ ಇರಿಸುವ ಈ ನಿರ್ಧಾರವನ್ನು ಅವನ ಸ್ವಂತ ಆಸಕ್ತಿ ಸ್ಪಷ್ಟವಾಗಿ ಕಂಡ ಮೇಲಷ್ಟೇ ತೆಗೆದುಕೊಳ್ಳಬೇಕು, ಜೊತೆಗೆ ಗಣಿತ, ಇಂಗ್ಲಿಷ್ ಕಲಿಕೆಗೆ ಅಲ್ಲಿ ಏನು ವ್ಯವಸ್ಥೆ ಇದೆ ಎಂದು ತಿಳಿದುಕೊಳ್ಳಬೇಕು.

ಮುಕ್ತ ಶಾಲೆ ಮತ್ತು ಹೊರಗಿನ ಮಾದರಿ

ಅಂಕಪಟ್ಟಿಯಲ್ಲಿ ಒಂದು ವಿಷಯವಾಗಿಯೇ ಇದನ್ನು ಓದಬೇಕೆನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಒಂದು ಅವಕಾಶ ಒದಗಿಸುತ್ತದೆ. ಅದರ ಪ್ರೌಢ ಹಂತದಲ್ಲಿ ಭಾರತೀಯ ಸಂಸ್ಕೃತಿ ಮತ್ತು ಪರಂಪರೆ ಎಂಬ ವಿಷಯವಿದೆ, ಭಾರತೀಯ ದರ್ಶನ ಮತ್ತು ವೇದ ಅಧ್ಯಯನಗಳೂ ಇವೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರು ಇಂಥ ಒಂದು ವಿಷಯವನ್ನು ಮಾತ್ರ ಹೆಚ್ಚುವರಿಯಾಗಿ ತೆಗೆದುಕೊಂಡು ಪರೀಕ್ಷೆ ಬರೆಯಬಹುದು. ನೋಂದಣಿಗೆ ಮೊದಲು ಆ ವಿಷಯ ಯಾವ ಮಾಧ್ಯಮದಲ್ಲಿ ಲಭ್ಯವಿದೆ ಎಂದು ನೋಡಿಕೊಳ್ಳುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ಅತ್ಯಗತ್ಯ. ಚರ್ಚಿಸಲು ಸಹಪಾಠಿಗಳಿಲ್ಲದೆ ಒಬ್ಬರೇ ಓದಬೇಕಾಗುವುದು ಇದರ ದೊಡ್ಡ ಕೊರತೆ. ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳಿಗೆ ಸೇರಿದ ಮಾತ್ರಕ್ಕೆ ಈ ವಿಷಯದಲ್ಲಿ ವಿಶೇಷ ಅನುಕೂಲವೇನೂ ಆಗುವುದಿಲ್ಲ. ಅಲ್ಲಿಯೂ ಇದು ಇತಿಹಾಸದ ಪಾಠಗಳಿಗೆ ಮತ್ತು ಅಂಕವಿಲ್ಲದ ಅವಧಿಗಳಿಗೆ ಸೀಮಿತ.

ಇಂಗ್ಲೆಂಡಿನ ವ್ಯವಸ್ಥೆಯನ್ನು ಇಲ್ಲಿ ನೆನೆಯುವುದು ಅದರ ಪರೀಕ್ಷೆಯ ಕ್ರಮಕ್ಕಾಗಿ. ಅಲ್ಲಿನ ಸರ್ಕಾರಿ ಅನುದಾನದ ಶಾಲೆಗಳಲ್ಲಿ ಧಾರ್ಮಿಕ ಶಿಕ್ಷಣ ಕಡ್ಡಾಯ, ಆದರೆ ಮಗುವನ್ನು ಅದರಿಂದ ಹೊರಗಿಡುವ ಹಕ್ಕು ಪೋಷಕರಿಗಿದೆ. ಹದಿನಾರರ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಧರ್ಮಾಧ್ಯಯನವನ್ನು ಆರಿಸಿಕೊಂಡವರು, 2016ರಲ್ಲಿ ಬೋಧನೆಗೆ ಬಂದ ಹೊಸ ಪಠ್ಯಕ್ರಮದಂತೆ, ಕನಿಷ್ಠ ಎರಡು ಧರ್ಮಗಳನ್ನು ಓದಬೇಕು. ಯುದ್ಧ ಮತ್ತು ಶಾಂತಿ, ಅಪರಾಧ ಮತ್ತು ಶಿಕ್ಷೆ, ಕುಟುಂಬ ಇಂಥ ವಿಷಯಗಳ ಮೇಲೆ ಒಂದು ಹೇಳಿಕೆಯನ್ನು ಕೊಟ್ಟು, ಅದರ ಪರವಾಗಿಯೂ ವಿರುದ್ಧವಾಗಿಯೂ ಧರ್ಮಗ್ರಂಥಗಳ ಆಧಾರದಿಂದ ವಾದ ಮಂಡಿಸಿ ತನ್ನದೇ ತೀರ್ಮಾನಕ್ಕೆ ಬರುವಂತೆ ಕೇಳುವ ದೀರ್ಘ ಪ್ರಶ್ನೆ ಆ ಪತ್ರಿಕೆಯ ಜೀವಾಳ. ಕೊನೆಯ ತೀರ್ಮಾನ ಯಾವ ಕಡೆಗಿದೆ ಎಂಬುದಕ್ಕೆ ಅಂಕವಿಲ್ಲ, ಅಲ್ಲಿಗೆ ತಲುಪಿದ ವಾದಕ್ಕೆ ಅಂಕವಿದೆ. ಅವರ ಪಠ್ಯವನ್ನು ನಾವು ತರಬೇಕಾಗಿಲ್ಲ; ಈ ಒಂದು ಪ್ರಶ್ನೆಯ ಮಾದರಿಯನ್ನು ತೀರ್ಥಹಳ್ಳಿಯ ಯಾವ ಶಾಲೆಯ ಶಿಕ್ಷಕರೂ ನಾಳೆಯೇ ತಮ್ಮ ನೀತಿಯ ಅವಧಿಯಲ್ಲಿ ಬಳಸಬಹುದು.

ಯಾರಿಗೆ ಯಾವುದು

ನನ್ನ ಸಲಹೆಯನ್ನು ನೇರವಾಗಿ ಹೇಳುವುದಾದರೆ, ಹೆಚ್ಚಿನ ಮಕ್ಕಳಿಗೆ ಮನೆಯ ಧರ್ಮದ ಆಚರಣೆಯನ್ನು ಮನೆ ಮತ್ತು ಸಮುದಾಯದ ತರಗತಿಗೆ ಬಿಟ್ಟು, ಧರ್ಮಗಳ ಅಧ್ಯಯನವನ್ನು ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠಗಳ ಮೂಲಕ ಗಂಭೀರವಾಗಿ ನಡೆಸಿ, ನೀತಿಯ ಚಿಂತನೆಗೆ ವಾರಕ್ಕೆ ಒಂದಾದರೂ ಅವಧಿಯನ್ನು ಹತ್ತನೇ ತರಗತಿಯ ಕೊನೆಯವರೆಗೆ ಉಳಿಸಿಕೊಳ್ಳುವ ಶಾಲೆಯೇ ಸರಿಯಾದ ಆಯ್ಕೆ. ಅಂಥ ಶಾಲೆ ಸರ್ಕಾರಿ ಶಾಲೆಯೇ ಆಗಿದ್ದರೆ ಹಿಂಜರಿಯುವ ಕಾರಣವಿಲ್ಲ. ಎಲ್ಲ ಜಾತಿ, ಮತಗಳ ಮಕ್ಕಳು ಒಟ್ಟಿಗೆ ಕೂರುವ ತರಗತಿಯಲ್ಲಿ ಈ ಚರ್ಚೆಗೆ ಬರುವ ತೂಕ ಒಂದೇ ಸಮುದಾಯದ ಮಕ್ಕಳಿರುವ ತರಗತಿಯಲ್ಲಿ ಬರಲಾರದು. ನೀತಿಯ ಅವಧಿ ಬೇರೆ ವಿಷಯಗಳ ಪಾಲಾಗುತ್ತಿದ್ದರೆ ಪೋಷಕರ ಸಭೆಯಲ್ಲಿ ಆ ಒಂದು ವಿಷಯವನ್ನೇ ಹಿಡಿದು ಕೇಳಬೇಕು.

ಪ್ರಶ್ನೆ ಕೇಳುವ, ವಾದ ಮಾಡುವ ಸ್ವಭಾವದ ಮಗುವಿಗೆ ಪಿಯುಸಿಯಲ್ಲಿ ತರ್ಕಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುವ ಅವಕಾಶವಿದೆ ಎಂಬುದನ್ನು ಹತ್ತನೇ ತರಗತಿಯಲ್ಲಿರುವಾಗಲೇ ತಿಳಿಸಿಡುವುದು ಒಳ್ಳೆಯದು. ಆದರೆ ಎಲ್ಲ ಕಾಲೇಜುಗಳಲ್ಲೂ ಆ ವಿಷಯ ಇರುವುದಿಲ್ಲವಾದ್ದರಿಂದ ಅರ್ಜಿ ಹಾಕುವ ಮುನ್ನ ವಿಚಾರಿಸಬೇಕು. ದರ್ಶನಶಾಸ್ತ್ರದ ಕಡೆಗೇ ಒಲವಿರುವ ಮಗು ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಮುಕ್ತ ಶಾಲೆಯ ವಿಷಯವನ್ನು ಪಿಯುಸಿಯ ಜೊತೆಗೇ ಮುಗಿಸಬಹುದು. ಮನೆಯಲ್ಲಿ ಎರಡು ಧರ್ಮಗಳಿಗೆ ಸೇರಿದ ತಂದೆ ತಾಯಿ ಇದ್ದರೆ, ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವ ಮುನ್ನ ಮಗುವನ್ನೂ ಕೂರಿಸಿಕೊಂಡು ಮಾತಾಡಿ, ಶಾಲೆಗೆ ಇಬ್ಬರ ಸಹಿಯಿರುವ ಒಂದೇ ಪತ್ರವನ್ನು ಜೂನ್ ತಿಂಗಳಲ್ಲೇ ಕೊಟ್ಟುಬಿಡುವುದು ಉತ್ತಮ. ವರ್ಷದ ನಡುವೆ ಮಗುವಿನ ಮನಸ್ಸು ಬದಲಾದರೆ ಅದೇ ರೀತಿ ಇನ್ನೊಂದು ಪತ್ರ ಬರೆದುಕೊಡಬಹುದು, ಶಾಲೆ ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ.